ಅಪೊಲೊ ಯಾನಗಳ ಕಿರುತೆರೆ ಮರುಕಥನ: ದಾಖಲೆ ಇಲ್ಲದೆಡೆಯ ದೃಶ್ಯ

1969ರ ನವೆಂಬರ್ 19ರಂದು ಅಪೊಲೊ-12ರ ಯಾತ್ರಿಗಳಾದ ಪೀಟ್ ಕಾನ್ರಾಡ್ ಮತ್ತು ಅಲನ್ ಬೀನ್ ಚಂದ್ರನ ಮೇಲಿಳಿದರು. ಟೆಲಿವಿಷನ್ ಕ್ಯಾಮೆರಾವನ್ನು ಬೇರೆಡೆಗೆ ಸಾಗಿಸುವಾಗ ಬೀನ್ ಅದನ್ನು ಅಕಸ್ಮಾತ್ತಾಗಿ ಸೂರ್ಯನತ್ತ ತಿರುಗಿಸಿದ್ದರಿಂದ ಅದು ಕೆಟ್ಟುಹೋಯಿತು. ಹೀಗಾಗಿ ಆ ಚಂದ್ರನಡಿಗೆಯ ಬಹುಭಾಗಕ್ಕೆ ಧ್ವನಿಮುದ್ರಣವುಂಟು, ಛಾಯಾಚಿತ್ರಗಳುಂಟು, ನೇರಪ್ರಸಾರದ ದೃಶ್ಯವಿಲ್ಲ. 1998ರಲ್ಲಿ ಅಮೆರಿಕದ ಎಚ್‌ಬಿಒ ವಾಹಿನಿ ಪ್ರಸಾರ ಮಾಡಿದ ‘ಫ್ರಮ್ ದಿ ಅರ್ತ್ ಟು ದಿ ಮೂನ್’ ಎಂಬ 12 ಕಂತುಗಳ ಸರಣಿಯು ಇಂಥ ತೆರವುಗಳನ್ನೇ ತುಂಬಲು ಹೊರಟಿತು.

ಟಾಮ್ ಹ್ಯಾಂಕ್ಸ್ ಪ್ರಧಾನ ನಿರ್ಮಾಪಕರಾಗಿದ್ದ ಈ ಸರಣಿಗೆ ಆಂಡ್ರೂ ಚೈಕಿನ್ 1994ರಲ್ಲಿ ಪ್ರಕಟಿಸಿದ ಗ್ರಂಥವು ಆಧಾರವಾಗಿತ್ತು. ಚೈಕಿನ್ ಅವರ ಗ್ರಂಥವಾದರೋ ಯಾತ್ರಿಗಳೊಡನೆ ನಡೆಸಿದ ದೀರ್ಘ ಸಂದರ್ಶನಗಳಿಂದ ಮೂಡಿದುದು. ಅಂದರೆ ಮೌಖಿಕ ನಿರೂಪಣೆ ಲಿಖಿತವಾಗಿ, ಲಿಖಿತವು ಮತ್ತೆ ಅಭಿನಯವಾಯಿತು. ಅಪೊಲೊ-15ರ ನಾಯಕ ಡೇವಿಡ್ ಸ್ಕಾಟ್ ತಾಂತ್ರಿಕ ಸಲಹೆಗಾರರಾಗಿದ್ದರು.

ಚಂದ್ರನ ನೆಲವನ್ನು ಕ್ಯಾಲಿಫೋರ್ನಿಯಾದ ಟಸ್ಟಿನ್‌ನಲ್ಲಿ, ಎರಡನೆಯ ಮಹಾಯುದ್ಧಕಾಲದ ವಾಯುನೌಕೆಗಳ ಬೃಹತ್ ತಂಗುಮನೆಯೊಳಗೆ ನಿರ್ಮಿಸಲಾಯಿತು. ಚಂದ್ರನ ಗುರುತ್ವ ಭೂಮಿಯದರ ಆರನೆಯ ಒಂದು ಭಾಗ ಮಾತ್ರ. ಆದ್ದರಿಂದ ನಟರ ಉಡುಪಿಗೆ ಹೀಲಿಯಂ ತುಂಬಿದ ದೊಡ್ಡ ಬಲೂನುಗಳನ್ನು ಬಿಗಿದು ಅವರ ಭಾರವನ್ನು ತಗ್ಗಿಸಲಾಯಿತು; ಎತ್ತರದ ಮಾಡಿನ ಉಪಯೋಗ ಅಲ್ಲಿತ್ತು. ಬೆಳಕಿನ ಸಮಸ್ಯೆ ಇದಕ್ಕಿಂತ ಸೂಕ್ಷ್ಮ. ಚಂದ್ರನ ಮೇಲೆ ಸೂರ್ಯನೊಬ್ಬನೇ, ನೆರಳೂ ಒಂದೇ. ಹಲವು ದೀಪಗಳಿದ್ದರೆ ಹಲವು ನೆರಳುಗಳು ಬಿದ್ದು ಸುಳ್ಳು ಬಯಲಾಗುತ್ತದೆ. ಅನೇಕ ದೀಪಗಳ ಪ್ರಕಾಶವನ್ನು ಒಂದೇ ಉಬ್ಬುಗನ್ನಡಿಗೆ ಹಾಯಿಸಿ, ಅಲ್ಲಿಂದ ನೆಲಕ್ಕೆ ಚೆಲ್ಲಿ ಈ ತೊಡಕನ್ನು ನೀಗಿಸಲಾಯಿತು.

ಹೊರಗಿನ ಯಥಾರ್ಥಕ್ಕೆ ಇಷ್ಟು ಶ್ರಮಿಸಿದ ತಂಡ ನಿರೂಪಣೆಯಲ್ಲಿ ಸ್ವಾತಂತ್ರ್ಯ ವಹಿಸಿದೆ. ಎಮೆಟ್ ಸೀಬಾರ್ನ್ ಎಂಬ ಟೆಲಿವಿಷನ್ ವರದಿಗಾರ ಪೂರ್ಣ ಕಲ್ಪಿತ ಪಾತ್ರ. ಕಂತಿನಿಂದ ಕಂತಿಗೆ ಕಥೆಯನ್ನು ಕೂಡಿಸುವ ಈತ ಬಹುಮಟ್ಟಿಗೆ ಸೂತ್ರಧಾರನ ಕೆಲಸವನ್ನೇ ಮಾಡುತ್ತಾನೆ. ಅಪೊಲೊ-13ರ ಕಥೆಯನ್ನು 1995ರ ಚಲನಚಿತ್ರವು ಆಗಲೇ ಹೇಳಿದ್ದರಿಂದ, ಸರಣಿಯು ಅದನ್ನು ಸುದ್ದಿಮನೆಯ ಕಡೆಯಿಂದ ನಿರೂಪಿಸಿತು. ಅಪೊಲೊ-12ರ ಕಂತನ್ನು ಬೀನ್ ಪಾತ್ರದ ಬಾಯಲ್ಲಿಯೇ ಹೇಳಿಸಿದುದು ಸರಣಿಯ ಅತ್ಯುಚಿತ ನಿರ್ಧಾರವೆನ್ನಬೇಕು: ಕ್ಯಾಮೆರಾ ಕಾಣದುದನ್ನು ಕಂಡವನ ನೆನಪೇ ಅಲ್ಲಿ ಪ್ರಮಾಣ.

ಆದರೆ ಮರುಕಥನವು ದಾಖಲೆಯ ಸ್ಥಾನವನ್ನೇ ಆಕ್ರಮಿಸಬಲ್ಲದು. ಅದೇ 1995ರ ಚಲನಚಿತ್ರದಲ್ಲಿ ಯಾನ ನಿರ್ದೇಶಕ ಜೀನ್ ಕ್ರಾಂಜ್ ಪಾತ್ರವು ಆಡುವ, ಸೋಲೆಂಬ ಆಯ್ಕೆಯೇ ಇಲ್ಲವೆಂಬ ಮಾತನ್ನು ಕ್ರಾಂಜ್ 1970ರಲ್ಲಿ ಆಡಿರಲಿಲ್ಲ. ನಿಯಂತ್ರಣ ಕೇಂದ್ರದ ಜೆರ್ರಿ ಬಾಸ್ಟಿಕ್ ಅವರನ್ನು ಸಂದರ್ಶಿಸಿದ ಚಿತ್ರಕಥೆಗಾರರು ಅದನ್ನು ರೂಪಿಸಿದರು. ಐತಿಹ್ಯಗಳಲ್ಲಿ ನಾಯಕನಿಗೆ ಅನಾಮಿಕರ ಮಾತು ಸಲ್ಲುವುದು ಹೊಸದೇನಲ್ಲ. ಇಲ್ಲಿ ಆ ನಾಯಕ ಬದುಕಿದ್ದುದೇ ವಿಶೇಷ. 2000ದಲ್ಲಿ ಪ್ರಕಟವಾದ ತಮ್ಮ ಆತ್ಮಕಥನಕ್ಕೆ ಕ್ರಾಂಜ್ ಆ ಮಾತನ್ನೇ ಶೀರ್ಷಿಕೆಯಾಗಿ ಇಟ್ಟುಕೊಂಡರು.