ಪುಟ್ಟಣ್ಣಯ್ಯ: ದಾಟಲು ದಾರಿ ಇದ್ದೂ ದಾಟದ ಶಾಸಕ

ನಮ್ಮ ಮಂಡ್ಯ ಕಡೆ ಯಾರಾದರೂ ‘ನಿಮ್ಮ ಎಮ್ಮೆಲ್ಲೆ ಯಾವ ಪಾರ್ಟಿ?’ ಅಂತ ಕೇಳಿದರೆ, ‘ಯಾವ ವರ್ಷದ್ದು ಹೇಳ್ಲಿ?’ ಅಂತ ವಾಪಸ್ ಕೇಳಬೇಕಾಗುತ್ತೆ. ತಮಾಷೆಗೆ ಹೇಳುತ್ತಿಲ್ಲ. 2013ರ ಚುನಾವಣೆಯಲ್ಲಿ ಅಕ್ಕಪಕ್ಕದ ನಾಲ್ಕು ಕ್ಷೇತ್ರಗಳಲ್ಲಿ ಗೆದ್ದವರನ್ನು ನೋಡಿ. ಶ್ರೀರಂಗಪಟ್ಟಣದಲ್ಲಿ ರಮೇಶ್ ಬಂಡಿಸಿದ್ದೇಗೌಡ, ನಾಗಮಂಗಲದಲ್ಲಿ ಚಲುವರಾಯಸ್ವಾಮಿ, ಕೆ.ಆರ್. ಪೇಟೆಯಲ್ಲಿ ನಾರಾಯಣಗೌಡ. ಮೂವರೂ ಜೆಡಿಎಸ್. ಪಾಂಡವಪುರ ತಾಲ್ಲೂಕನ್ನು ಒಳಗೊಂಡ ಮೇಲುಕೋಟೆಯಲ್ಲಿ ಮಾತ್ರ ಸರ್ವೋದಯ ಕರ್ನಾಟಕ ಪಕ್ಷದ ಕೆ.ಎಸ್. ಪುಟ್ಟಣ್ಣಯ್ಯ.

ಮುಂದಿನ ಆರು ವರ್ಷಗಳಲ್ಲಿ ಆ ಮೂವರೂ ಪಕ್ಷ ಬದಲಿಸಿದರು. ಚಲುವರಾಯಸ್ವಾಮಿ ಮತ್ತು ಬಂಡಿಸಿದ್ದೇಗೌಡ 2016ರ ರಾಜ್ಯಸಭಾ ಚುನಾವಣೆಯಲ್ಲಿ ಸ್ವಪಕ್ಷದ ಅಭ್ಯರ್ಥಿಯ ವಿರುದ್ಧ ಮತ ಹಾಕಿ ಅಮಾನತಾದರು, 2018ರಲ್ಲಿ ಕಾಂಗ್ರೆಸ್ ಸೇರಿದರು, ಸೋತರು, 2023ರಲ್ಲಿ ಅದೇ ಕಾಂಗ್ರೆಸ್ಸಿಂದ ಗೆದ್ದರು. ಚಲುವರಾಯಸ್ವಾಮಿ ಕೃಷಿ ಸಚಿವರೂ ಆದರು. ನಾರಾಯಣಗೌಡರದ್ದು ಇನ್ನೂ ದೊಡ್ಡ ಜಿಗಿತ. 2019ರಲ್ಲಿ ರಾಜೀನಾಮೆ, ಅನರ್ಹತೆ, ಡಿಸೆಂಬರ್‌ನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆಲುವು, ಆಮೇಲೆ ಮಂತ್ರಿಗಿರಿ. ಮಂಡ್ಯ ಜಿಲ್ಲೆಯಲ್ಲಿ ಕಮಲ ಅರಳಿದ್ದು ಅದೇ ಮೊದಲು. 2023ರಲ್ಲಿ ಅವರೂ ಸೋತರು.

ಹಾಗಾದರೆ ಪುಟ್ಟಣ್ಣಯ್ಯನವರಿಗೆ ಹೋಗಲು ದಾರಿ ಇರಲಿಲ್ಲವಾ? ಇತ್ತು, ಬೇರೆಯವರಿಗಿಂತ ಸುಲಭದ ದಾರಿಯೇ ಇತ್ತು. ಸಂವಿಧಾನದ ಹತ್ತನೇ ಅನುಸೂಚಿಯ ಪ್ರಕಾರ ಒಂದು ಪಕ್ಷ ಇನ್ನೊಂದರಲ್ಲಿ ವಿಲೀನವಾಗಿ, ಅದಕ್ಕೆ ಶಾಸಕಾಂಗ ಪಕ್ಷದ ಮೂರನೇ ಎರಡರಷ್ಟು ಜನ ಒಪ್ಪಿದರೆ ಅನರ್ಹತೆ ಇಲ್ಲ. ಒಬ್ಬನೇ ಶಾಸಕ ಇರುವ ಪಕ್ಷದಲ್ಲಿ ಮೂರನೇ ಎರಡೂ ಅವನೇ, ಪೂರ್ತಿಯೂ ಅವನೇ. ರಾಣೆಬೆನ್ನೂರಿನ ಆರ್. ಶಂಕರ್ 2019ರಲ್ಲಿ ತಮ್ಮ ಕೆಪಿಜೆಪಿಯನ್ನು ಕಾಂಗ್ರೆಸ್ಸಲ್ಲಿ ವಿಲೀನ ಮಾಡಿದೆ ಅಂದಿದ್ದು ಇದೇ ಬಾಗಿಲಿನಿಂದ. (ಒಳಗೆ ಹೋಗಿ ಮತ್ತೆ ಆಚೆ ಬರಲು ನೋಡಿ ಅನರ್ಹರಾದರು, ಅದು ಬೇರೆ ಕಥೆ.) 2013ರಲ್ಲಿ ಅಧಿಕಾರ ಹಿಡಿದದ್ದು ಸಿದ್ದರಾಮಯ್ಯನವರ ಕಾಂಗ್ರೆಸ್. ಪುಟ್ಟಣ್ಣಯ್ಯ ಆ ಪಕ್ಷ ಸೇರಲಿಲ್ಲ.

ಇದನ್ನು ಬರೀ ಒಳ್ಳೆಯತನ ಅಂತ ಬಿಟ್ಟರೆ ಅವರು ಅರ್ಥವಾಗಲ್ಲ.

1949ರಲ್ಲಿ ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಲ್ಲಿ ಹುಟ್ಟಿದ ಅವರನ್ನು ರೂಪಿಸಿದ್ದು ರೈತ ಸಂಘ. 1980ರ ನರಗುಂದ-ನವಲಗುಂದ ಬಂಡಾಯದ ಬೆನ್ನಲ್ಲೇ ಹುಟ್ಟಿದ ಸಂಘಟನೆ ಅದು. ಸಾಲ ವಸೂಲಿಗೆ ಬರುವ ಅಧಿಕಾರಿಗಳು ಅಪ್ಪಣೆ ಇಲ್ಲದೆ ಊರೊಳಗೆ ಕಾಲಿಡಬಾರದು ಅಂತ ಹಳ್ಳಿಗಳ ಬಾಗಿಲಲ್ಲಿ ಬೋರ್ಡು ಹಾಕುತ್ತಿದ್ದರು. ಬ್ಯಾಂಕಿನವರು ಜಪ್ತಿ ಮಾಡಿದ ಸಾಮಾನನ್ನು ರೈತರೇ ಗುಂಪಾಗಿ ಹೋಗಿ ವಾಪಸ್ ತರುತ್ತಿದ್ದರು, ಅದಕ್ಕೆ ಮರುಜಪ್ತಿ ಅಂತ ಹೆಸರು. ನನ್ನ ಓರಗೆಯವರು ಇದನ್ನೆಲ್ಲ ಕಂಡಿಲ್ಲ, ಕೇಳಿದ್ದೀವಿ ಅಷ್ಟೆ. ನಮಗೆ ಸಿಕ್ಕಿದ್ದು ಹಸಿರು ಶಾಲು ಮಾತ್ರ. ಅದನ್ನೀಗ ಎಲ್ಲ ಪಕ್ಷದವರೂ ಫೋಟೋಗೆ ಹಾಕ್ಕೋತಾರೆ.

ಚುನಾವಣೆಗೆ ನಿಲ್ಲಬೇಕಾ ಬೇಡವಾ ಅನ್ನೋದು ಸಂಘದೊಳಗೇ ಹಳೆಯ ಜಗಳ. ನಿಂತರು. 1989ರಲ್ಲಿ ಬಾಬಾಗೌಡ ಪಾಟೀಲರು ಎರಡು ಕಡೆ ಗೆದ್ದು, ಬಿಟ್ಟುಕೊಟ್ಟ ಒಂದು ಸ್ಥಾನದಿಂದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಸದನಕ್ಕೆ ಬಂದರು. 1994ರಲ್ಲಿ ಇಡೀ ರಾಜ್ಯದಲ್ಲಿ ರೈತ ಸಂಘಕ್ಕೆ ಸಿಕ್ಕಿದ್ದು ಒಂದೇ ಸೀಟು, ಪಾಂಡವಪುರ. ಗೆದ್ದವರು ಪುಟ್ಟಣ್ಣಯ್ಯ. ದೇವೇಗೌಡರ ಜನತಾದಳದ ಅಲೆ ಹಳೇ ಮೈಸೂರನ್ನು ಕೊಚ್ಚಿಕೊಂಡು ಹೋದ ವರ್ಷ ಅದು ಅನ್ನೋದನ್ನು ಮರೆಯಬೇಡಿ.

ಆಮೇಲೆ ವಿಧಾನಸಭೆಗೆ ವಾಪಸ್ ಬರಲು 19 ವರ್ಷ ಬೇಕಾಯಿತು. ಆ ಮಧ್ಯೆ ಸಂಘ ಬಣಗಳಾಗಿ ಒಡೆಯಿತು. 2004ರಲ್ಲಿ ನಂಜುಂಡಸ್ವಾಮಿ ತೀರಿಕೊಂಡರು. ಮರುವರ್ಷ ದೇವನೂರ ಮಹಾದೇವ ಮತ್ತಿತರ ದಲಿತ ಚಳವಳಿಗಾರರ ಜೊತೆ ಸೇರಿ ಸರ್ವೋದಯ ಕರ್ನಾಟಕ ಕಟ್ಟಿದ್ದು ನನ್ನ ಪ್ರಕಾರ ಈ ಬದುಕಿನ ದೊಡ್ಡ ಘಟನೆ. ಜಮೀನಿರುವ ರೈತ ಮತ್ತು ಜಮೀನಿಲ್ಲದ ದಲಿತ ಒಂದೇ ಪಕ್ಷದಲ್ಲಿ ಕೂರುವುದು ಮಂಡ್ಯದಂಥ ಜಿಲ್ಲೆಯಲ್ಲಿ ಹುಡುಗಾಟವಲ್ಲ. ಮತ ಬಂತಾ? ಬಹಳ ಬರಲಿಲ್ಲ. 2008ರಲ್ಲಿ ಕ್ಷೇತ್ರ ಮರುವಿಂಗಡಣೆಯಾಗಿ ಜಿಲ್ಲೆಯ 9 ಸ್ಥಾನ 7ಕ್ಕೆ ಇಳಿದು, ಪಾಂಡವಪುರ ಅನ್ನೋ ಹೆಸರು ಹೋಗಿ ಮೇಲುಕೋಟೆ ಬಂತು. ಆ ಸಲ ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು ಎದುರು ಸೋತರು. 2013ರಲ್ಲಿ ಅದೇ ಪುಟ್ಟರಾಜು ಅವರನ್ನು ಸೋಲಿಸಿದರು.

ಸದನದಲ್ಲಿ ಅವರ ಹಳ್ಳಿ ಭಾಷೆ, ನಗೆಚಾಟಿಕೆ ಎಲ್ಲರಿಗೂ ಇಷ್ಟ. ಆದರೆ 224 ಜನರ ಸದನದಲ್ಲಿ ಒಬ್ಬನೇ ಸದಸ್ಯನ ಪಕ್ಷಕ್ಕೆ ಸರ್ಕಾರ ಬೀಳಿಸುವ ಭಯವೂ ಹುಟ್ಟಿಸಲಾಗಲ್ಲ, ಹೆಚ್ಚು ಹೊತ್ತು ಮಾತಾಡುವ ಅವಕಾಶವೂ ಸಿಗಲ್ಲ. ನಗಿಸುವ ಶಾಸಕನಿಗೆ ಚಪ್ಪಾಳೆ ಸಿಗುತ್ತೆ, ಕಬ್ಬಿಗೆ ರೇಟು ಸಿಗಲ್ಲ. ರೈತ ಸಂಘದ ಶಾಸಕ ಸದನದಲ್ಲಿ ಇರುವಾಗಲೇ, 2015ರಲ್ಲಿ ಜಿಲ್ಲೆಯ ಕಬ್ಬು ಬೆಳೆಗಾರರು ಸಾಲಕ್ಕೆ ಸಿಕ್ಕಿ ಜೀವ ಕಳೆದುಕೊಂಡರು, ಪಾಂಡವಪುರ ತಾಲ್ಲೂಕಿನಲ್ಲೂ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತು, 2020ರಲ್ಲಿ 40 ವರ್ಷದ ಗುತ್ತಿಗೆಗೆ ನಿರಾಣಿ ಶುಗರ್ಸ್ ಕೈಗೆ ಹೋಯಿತು. ಇದಕ್ಕೆ ಅವರೇ ಕಾರಣ ಅನ್ನುತ್ತಿಲ್ಲ. ಬೀದಿಯಲ್ಲಿ ಸಾವಿರ ಜನ ಇದ್ದಾಗ ಇದ್ದ ಬಲ ಸದನದ ಒಂದು ಕುರ್ಚಿಗೆ ಬರಲಿಲ್ಲ ಅನ್ನುತ್ತಿದ್ದೀನಿ. ಅಧಿಕಾರಿಯನ್ನು ಊರಾಚೆ ನಿಲ್ಲಿಸಿದ್ದ ಚಳವಳಿಯ ಶಾಸಕ ಕೊನೆಗೆ ಟ್ರಾನ್ಸ್‌ಫಾರ್ಮರಿಗೆ, ರಸ್ತೆಗೆ ಅದೇ ಅಧಿಕಾರಿಗೆ ಫೋನ್ ಮಾಡಲೇಬೇಕು.

2018ರ ಫೆಬ್ರವರಿ 18ರಂದು ಮಂಡ್ಯದಲ್ಲಿ ಕಬಡ್ಡಿ ನೋಡುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. 68 ವರ್ಷ. ಚುನಾವಣೆಗೆ ಮೂರು ತಿಂಗಳೂ ಇರಲಿಲ್ಲ.

ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮಿಯಾಗಿದ್ದ ಮಗ ದರ್ಶನ್ ಬಂದು ಸ್ವರಾಜ್ ಇಂಡಿಯಾದಿಂದ ನಿಂತರು. ಕುಟುಂಬ ರಾಜಕಾರಣ ಅಂತ ದೇವೇಗೌಡರ ಮನೆಗೆ ಬೈಯುವ ನಾವು ಇಲ್ಲಿ ಯಾಕೆ ಸುಮ್ಮನಿದ್ದೆವು? ನಾಲ್ಕು ದಶಕದ ಚಳವಳಿ ಒಬ್ಬ ಎರಡನೇ ನಾಯಕನನ್ನು ಬೆಳೆಸಿರಲಿಲ್ಲ ಅನ್ನೋದು ನೋಯಿಸುವ ಸತ್ಯ. ಜೆಡಿಎಸ್ ಜಿಲ್ಲೆಯ ಏಳಕ್ಕೆ ಏಳೂ ಗೆದ್ದ ಆ ವರ್ಷ ದರ್ಶನ್ ಪುಟ್ಟರಾಜು ಎದುರು 20 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಐದು ವರ್ಷ ಊರಲ್ಲೇ ಓಡಾಡಿ, 2023ರಲ್ಲಿ ಸರ್ವೋದಯ ಕರ್ನಾಟಕದಿಂದ 10 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಅಪ್ಪನ ಹೆಸರು ಮೊದಲ ಸಲ ಸಾಕಾಗಿರಲಿಲ್ಲ ಅನ್ನೋದು ಅವರ ಪರವಾಗಿ ಹೇಳಬಹುದಾದ ಮಾತು.

ಆದರೆ ಲೆಕ್ಕ ಇಷ್ಟಕ್ಕೇ ಮುಗಿಯಲ್ಲ. 2018, 2023 ಎರಡೂ ಸಲ ಕಾಂಗ್ರೆಸ್ ಇಲ್ಲಿ ಅಭ್ಯರ್ಥಿ ಹಾಕದೆ ದರ್ಶನ್‌ಗೆ ಬೆಂಬಲ ಕೊಟ್ಟಿತು. 2024ರ ಫೆಬ್ರವರಿಯ ರಾಜ್ಯಸಭಾ ಚುನಾವಣೆಯಲ್ಲಿ ದರ್ಶನ್ ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದರು. ಅಪ್ಪ ದಾಟದೇ ಉಳಿದ ಗೆರೆಯ ಈಚೆಗೇ ಮಗನೂ ನಿಂತಿದ್ದಾರೆ ನಿಜ. ಆದರೆ ಮುಂದಿನ ಚುನಾವಣೆಯಲ್ಲಿ ಕಾಂಗ್ರೆಸ್ ಮೇಲುಕೋಟೆಯಲ್ಲಿ ತನ್ನದೇ ಅಭ್ಯರ್ಥಿ ಹಾಕಬೇಕಾ ಬೇಡವಾ ಅನ್ನೋದು ಬೆಂಗಳೂರು, ದಿಲ್ಲಿಯಲ್ಲಿ ತೀರ್ಮಾನವಾಗುತ್ತೆ, ಕ್ಯಾತನಹಳ್ಳಿಯಲ್ಲಲ್ಲ.