ಆಟದ ಬಯಲು, ನೆನಪಿನ ಕಲ್ಲು

1964ರ ಅಕ್ಟೋಬರ್ 28ರಂದು ಬೆಂಗಳೂರು ನಗರಪಾಲಿಕೆ ತನ್ನ ಕಚೇರಿಯ ಮುಂದೆಯೇ ಇದ್ದ ಒಂದು ಸ್ಮಾರಕವನ್ನು ಕೆಡವಿಸಿತು. ಅದು ಸುಮಾರು 35 ಅಡಿ ಎತ್ತರದ ಕಲ್ಲಿನ ಸ್ತಂಭ. 1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರಿಗೆ ಮುತ್ತಿಗೆ ಹಾಕಿದಾಗ ಮಡಿದ ಇಂಗ್ಲಿಷ್ ಪಡೆಯವರ ನೆನಪಿಗೆ ನೆಟ್ಟದ್ದು. ಅದರಿಂದಾಗಿ ಎದುರಿನ ರಸ್ತೆಗೆ ಸೆನೋಟಾಫ್ ರಸ್ತೆ ಎಂದೇ ಹೆಸರಾಗಿತ್ತು. ವಾಟಾಳ್ ನಾಗರಾಜ್ ಮತ್ತು ಕನ್ನಡ ಚಳವಳಿಗಾರರು ಈ ಸ್ತಂಭದ ವಿರುದ್ಧ ಹೋರಾಟ ಹೂಡಿದ್ದರು. ಸ್ತಂಭ ಹೋಯಿತು. ಅದೇ ವರ್ಷ ಪಾಲಿಕೆಯ ಮುಂದೆ ನಾಡಪ್ರಭು ಕೆಂಪೇಗೌಡರ ಪ್ರತಿಮೆ ಬಂತು. ರಸ್ತೆಗೆ ನೃಪತುಂಗನ ಹೆಸರು ಬಂತು.

ಊರನ್ನು ಕಟ್ಟಿದವನಿಗೆ ಊರಿನ ಸಭೆಯ ಮುಂದೆ ಜಾಗವಿಲ್ಲ, ಊರನ್ನು ಮುತ್ತಿದವರಿಗೆ ಮಾತ್ರ ಇದೆ ಎಂಬುದು ಚಳವಳಿಗಾರರ ವಾದ. ಅದನ್ನು ತಳ್ಳಿಹಾಕುವುದು ಕಷ್ಟ. 1791ರ ಮಾರ್ಚ್ 7ರಂದು ಪೇಟೆ ಬಿತ್ತು. ಮಾರ್ಚ್ 21ರ ರಾತ್ರಿ ಕೋಟೆಯೂ ಬಿತ್ತು. ಕೋಟೆಯನ್ನು ಕಾಯುತ್ತ ಪ್ರಾಣ ಬಿಟ್ಟವನು ಟಿಪ್ಪುವಿನ ಕಿಲ್ಲೇದಾರ ಬಹಾದೂರ್ ಖಾನ್. ಅವನೊಡನೆ ಮಡಿದ ಸಾಮಾನ್ಯ ಸಿಪಾಯಿಗಳಿಗೆ ಯಾವ ಸ್ತಂಭವೂ ಇರಲಿಲ್ಲ. ಆದರೆ ಇನ್ನೊಂದು ಮಾತೂ ಉಂಟು. ಕಂಬವನ್ನು ಕೆಡವಿದ್ದರಿಂದ ಮುತ್ತಿಗೆಯೇನೂ ಅಳಿಸಿಹೋಗಲಿಲ್ಲ. ಇಂಗ್ಲಿಷ್ ಪಡೆ ಗೋಡೆ ಒಡೆದು ನುಗ್ಗಿದ ಜಾಗವನ್ನು ತೋರಿಸುವ ಕಲ್ಲುಫಲಕ ಹಳೆಯ ಕೋಟೆಯ ಗೋಡೆಯಲ್ಲಿ ಹಾಗೆಯೇ ಉಳಿಯಿತು. ಅದರ ತಂಟೆಗೆ ಯಾರೂ ಹೋಗಲಿಲ್ಲ. ಕೆಡವಿದ ಸ್ತಂಭದ ಕೆಲವು ಚಪ್ಪಡಿಗಳು ಪಾಲಿಕೆಯ ಆವರಣದಲ್ಲಿ ಕೂರುವ ಕಲ್ಲುಬೆಂಚುಗಳಾದವು ಎಂದು ನಗರದ ಇತಿಹಾಸ ಬರೆದವರು ಹೇಳುತ್ತಾರೆ. ತಮಾಷೆಯೆಂದರೆ ವೃತ್ತದ ಹೆಸರು ಮಾತ್ರ ಜನರ ಬಾಯಲ್ಲಿ ಹಡ್ಸನ್ ವೃತ್ತವಾಗಿಯೇ ಉಳಿಯಿತು. ಆ ಹಡ್ಸನ್ ಕನ್ನಡ ಶಾಲೆಗಳಿಗಾಗಿ ದುಡಿದ ವೆಸ್ಲಿಯನ್ ಪಾದ್ರಿ. ಅವರ ನೆನಪಿನ ಚರ್ಚಿನಲ್ಲಿ ಪ್ರಾರ್ಥನೆ ನಡೆಯುವುದು ಕನ್ನಡದಲ್ಲಿ.

ಪೌರಸಭೆಯೊಂದರ ಮುಂದೆ ಬರುವ ವಿಷಯಗಳಲ್ಲಿ ನೀರು, ಚರಂಡಿ, ದೀಪಗಳ ಬಗ್ಗೆ ಅಷ್ಟಾಗಿ ಭಿನ್ನಾಭಿಪ್ರಾಯ ಇರುವುದಿಲ್ಲ. ಅವು ಬೇಕು ಎಂಬುದು ಎಲ್ಲರಿಗೂ ಒಪ್ಪಿಗೆ. ಜಗಳ ಬರುವುದು ಖಾಲಿ ಜಾಗದ ವಿಷಯದಲ್ಲಿ. ಮಕ್ಕಳಿಗೆ ಆಟದ ಬಯಲು ಬೇಕು, ವೃದ್ಧರಿಗೆ ನಡೆದಾಡಲು ಉದ್ಯಾನ ಬೇಕು, ಸಂಘದವರಿಗೆ ತಮ್ಮ ಮಹನೀಯರ ಪ್ರತಿಮೆ ಬೇಕು. ಮೂವರೂ ಬೆರಳು ತೋರಿಸುವುದು ನಕ್ಷೆಯ ಒಂದೇ ಹಸಿರು ಚೌಕದತ್ತ. ಬೆಂಗಳೂರಿನ ಇನ್ನೂರು ವರ್ಷಗಳ ಚರಿತ್ರೆಯನ್ನು ಈ ಒಂದು ಜಗಳದ ಕಥೆಯಾಗಿಯೂ ಓದಬಹುದು.

ಉದ್ಯಾನ ಮತ್ತು ಸ್ಮಾರಕಗಳೆರಡೂ ಇಂಗ್ಲಿಷರಿಂದ ಬಂದವು ಎಂಬ ತಿಳಿವಳಿಕೆ ಸಾಮಾನ್ಯ. ಅದು ಅರ್ಧ ಮಾತ್ರ ನಿಜ. ಈ ಸೀಮೆಯ ಹಳ್ಳಿಗಳಿಗೆ ಗುಂಡುತೋಪು ಇತ್ತು, ಕೆರೆಯ ಅಂಗಳ ಇತ್ತು, ಅರಳಿಕಟ್ಟೆ ಇತ್ತು. ಜಾತ್ರೆ, ದನಗಳ ಸಂತೆ, ಕುಸ್ತಿ, ಬೇಸಿಗೆಯ ಮಧ್ಯಾಹ್ನದ ನಿದ್ದೆ ಎಲ್ಲಕ್ಕೂ ಅವೇ ಆಶ್ರಯ. ಸತ್ತವರ ನೆನಪಿಗೆ ವೀರಗಲ್ಲು ಇತ್ತು. ಬೇಗೂರಿನ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 890ರ ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರು ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತದೆ. ಅದೂ ಬೆಂಗಳೂರು ಕಾಳಗದಲ್ಲಿ ಸತ್ತವನೊಬ್ಬನ ನೆನಪಿನ ಕಲ್ಲೇ. ಅಂದರೆ ಈ ಊರಿನ ಹೆಸರು ಉಳಿದುಬಂದಿರುವುದೇ ಒಂದು ಸ್ಮಾರಕದ ದೆಸೆಯಿಂದ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಇದಕ್ಕಿಂತ ನೂರು ವರ್ಷಕ್ಕೂ ಹೆಚ್ಚು ಹಳೆಯದು. ಅದು 2018ರಲ್ಲಿ ಚರಂಡಿ ಕೆಲಸದ ನಡುವೆ ಕಣ್ಣಿಗೆ ಬಿದ್ದಾಗ ಬಡಾವಣೆಯ ಜನರೇ ಮುಂದೆ ನಿಂತು ಅದಕ್ಕೊಂದು ಮಂಟಪ ಕಟ್ಟಿಸಿದರು. ವೀರಗಲ್ಲಿಗೆ ಬೇಲಿ ಬೇಕಿರಲಿಲ್ಲ, ಕಾರಂಜಿ ಬೇಕಿರಲಿಲ್ಲ. ಹೊಲದ ಅಂಚಿನಲ್ಲಿ, ಕೆರೆಯ ಏರಿಯ ಮೇಲೆ ಅದು ನಿಂತಿರುತ್ತಿತ್ತು. ಇನ್ನು ಉಳ್ಳವರು ತಂದೆತಾಯಿಯ ಹೆಸರಿನಲ್ಲಿ ಕೆರೆ ಕಟ್ಟಿಸುತ್ತಿದ್ದರು, ತೋಪು ನೆಡಿಸುತ್ತಿದ್ದರು, ಅರವಟ್ಟಿಗೆ ಇಡಿಸುತ್ತಿದ್ದರು. ನೆನಪು ಮತ್ತು ಉಪಯೋಗ ಬೇರೆ ಬೇರೆ ಆಗಿರಲಿಲ್ಲ.

ಇಂಗ್ಲಿಷರು ತಂದದ್ದು ಬೇರೆ ಬಗೆಯ ಕಲ್ಪನೆ. ನಗರದ ನಡುವೆ ವಿಹಾರಕ್ಕೆಂದೇ ಮೀಸಲಾದ ನೆಲ, ಆ ನೆಲದಲ್ಲಿ ದೊಡ್ಡವರ ಪ್ರತಿಮೆ. 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಪೇಟೆಗೂ ದಂಡಿಗೂ ಮಧ್ಯೆ ಸುಮಾರು 100 ಎಕರೆಯಲ್ಲಿ ಒಂದು ಉದ್ಯಾನವನ್ನು ರೂಪಿಸಿದರು. ಮುಂದೆ ಅದು 300 ಎಕರೆಯವರೆಗೆ ಬೆಳೆಯಿತು. ಮೊದಲು ಅದಕ್ಕೆ ಹಂಗಾಮಿ ಕಮಿಷನರ್ ಮೀಡ್ ಅವರ ಹೆಸರಿಟ್ಟರು. ಆಮೇಲೆ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹೆಸರು ಬಂತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ವೇಳೆಗೆ ಅದು ಶ್ರೀ ಚಾಮರಾಜೇಂದ್ರ ಉದ್ಯಾನವಾಯಿತು. ಸರ್ಕಾರದ ಕಾಗದದಲ್ಲಿ ಇಂದಿಗೂ ಅದೇ ಹೆಸರು. ಆಟೋದವರಿಗೆ ಆ ಹೆಸರು ಹೇಳಿ ನೋಡಿದರೆ ಗೊತ್ತಾಗುತ್ತದೆ, ನಾಮಕರಣದ ಆಜ್ಞೆ ಎಷ್ಟು ದೂರ ನಡೆಯುತ್ತದೆ ಎಂದು.

ಉದ್ಯಾನ ಬಂದ ಹಿಂದೆಯೇ ಪ್ರತಿಮೆಗಳು ಬಂದವು. ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಯನ್ನು 1906ರಲ್ಲಿ ಅವಳ ಮೊಮ್ಮಗ, ಆಗಿನ ವೇಲ್ಸ್ ರಾಜಕುಮಾರ, ಅನಾವರಣ ಮಾಡಿದ. ಮುಂದೆ ಏಳನೇ ಎಡ್ವರ್ಡ್ ಬಂದ. ಚಾಮರಾಜೇಂದ್ರ ಒಡೆಯರು ಬಂದರು. ಇವುಗಳ ನಡುವೆ ಬೇರೆಯಾಗಿ ನಿಲ್ಲುವುದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ. ಅವರ ಪ್ರತಿಮೆಯೂ ಇದೆ ನಿಜ. ಆದರೆ ಅದರ ಹಿಂದೆ 1915ರಲ್ಲಿ ಎದ್ದುನಿಂತ ಕೆಂಪು ಬಣ್ಣದ ಸ್ಮಾರಕ ಭವನ ಗ್ರಂಥಾಲಯವಾಯಿತು. ಪ್ರತಿಮೆಯ ಮುಂದೆ ನಿಂತು ನೋಡಿ ಹೋಗುವವರಿಗಿಂತ ಪತ್ರಿಕೆ ಓದಲು, ಪರೀಕ್ಷೆಗೆ ತಯಾರಾಗಲು ಆ ಭವನದ ಒಳಹೊಕ್ಕವರ ಸಂಖ್ಯೆಯೇ ದೊಡ್ಡದು. ಕೆರೆ ಕಟ್ಟಿಸಿ ಹೆಸರು ಉಳಿಸುವ ಹಳೆಯ ಪದ್ಧತಿಗೆ ಇದು ಹತ್ತಿರ. ಪಕ್ಕದಲ್ಲಿ ವಾದ್ಯಮಂಟಪ ಇತ್ತು, ಸೇನೆಯ ಬ್ಯಾಂಡು ಅಲ್ಲಿ ನುಡಿಸುತ್ತಿತ್ತು. ಬಹಳ ಕಾಲದ ಮೇಲೆ ಬಾಲಭವನ ಬಂತು, ಮಕ್ಕಳ ಪುಟಾಣಿ ರೈಲು ಬಂತು. ಸಾಮ್ರಾಜ್ಯದ ವೈಭವ ತೋರಿಸಲು ಹೊರಟ ಉದ್ಯಾನವನ್ನು ಕಡೆಗೆ ಗೆದ್ದುಕೊಂಡವರು ಕಡಲೆಕಾಯಿ ಮಾರುವವರು ಮತ್ತು ಮಕ್ಕಳು.

ಗಮನಿಸಬೇಕಾದ ಸಂಗತಿಯೆಂದರೆ ಈ ತೀರ್ಮಾನಗಳಲ್ಲಿ ನಗರದ ಪೌರಸಭೆಗೆ ಹೇಳಿಕೊಳ್ಳುವಂಥ ಪಾತ್ರವಿರಲಿಲ್ಲ. ಪೇಟೆಗೆ 1862ರಲ್ಲಿ ಪುರಸಭೆ ಬಂತು, ದಂಡಿಗೆ ಪ್ರತ್ಯೇಕವಾಗಿ ಇನ್ನೊಂದು. ಎರಡೂ ಸೇರಿ ಒಂದು ನಗರಪಾಲಿಕೆ ಆದದ್ದು 1949ರಲ್ಲಿ. ಅಷ್ಟರಲ್ಲಿ 1945ರಲ್ಲೇ ನಗರಾಭಿವೃದ್ಧಿ ಟ್ರಸ್ಟ್ ಮಂಡಲಿ ಹುಟ್ಟಿತ್ತು. 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಹೀಗಾಗಿ ಹಸಿರು ನೆಲಕ್ಕೆ ಮೂವರು ಯಜಮಾನರು. ಕಬ್ಬನ್ ಪಾರ್ಕ್, ಲಾಲ್‌ಬಾಗ್ ಸರ್ಕಾರದ ತೋಟಗಾರಿಕೆ ಇಲಾಖೆಯವು. ಹೊಸ ಬಡಾವಣೆಯ ನಕ್ಷೆಯಲ್ಲಿ ಉದ್ಯಾನವನ್ನು ಗುರುತಿಸುವುದು ಪ್ರಾಧಿಕಾರ. ಆಮೇಲೆ ಅದಕ್ಕೆ ನೀರು ಹಾಕಿ, ಬೇಲಿ ಕಟ್ಟಿ, ಉಯ್ಯಾಲೆ ಹಾಕಿಸುವುದು ಪಾಲಿಕೆ. ಯಾವುದನ್ನು ಎಲ್ಲಿಡಬೇಕೆಂದು ಒಬ್ಬರೇ ಕೂತು ಯೋಚಿಸಿದ್ದು ಕಡಿಮೆ.

ಇದರ ಫಲವನ್ನು ಕಾಣಲು ಪಾಲಿಕೆಯ ಕಚೇರಿಯಿಂದ ದೂರ ಹೋಗಬೇಕಿಲ್ಲ. ಎದುರಿಗೇ ಕಂಠೀರವ ಕ್ರೀಡಾಂಗಣವಿದೆ. ಅದು ಸಂಪಂಗಿ ಕೆರೆಯ ಅಂಗಳ. ಆ ಕೆರೆಯ ನೀರಿನಿಂದ ತಿಗಳ ಸಮುದಾಯದವರು ಹೂವು, ತರಕಾರಿ ಬೆಳೆಯುತ್ತಿದ್ದರು. 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ನಗರದ ಒಳಗಿನ ಕೆರೆಗಳ ಬೆಲೆ ತಗ್ಗಿತು. ಕುಡಿಯುವ ನೀರಿನ ಪಾತ್ರೆಯಾಗಿದ್ದದ್ದು ಈಗ ಖಾಲಿ ಮೈದಾನವಾಗಬಲ್ಲ ಜಾಗವಾಗಿ ಕಾಣತೊಡಗಿತು. ದಂಡಿನ ಕಡೆಯವರಿಗೆ ಅಲ್ಲಿ ಪೋಲೋ ಆಡಬೇಕಿತ್ತು, ತೋಟದವರಿಗೆ ನೀರು ನಿಲ್ಲಬೇಕಿತ್ತು. ಗೆದ್ದದ್ದು ಯಾರು ಎಂದು ಬೇರೆ ಹೇಳಬೇಕಿಲ್ಲ. ಕೆರೆ ಮೆಲ್ಲಮೆಲ್ಲನೆ ಕುಗ್ಗಿ ಮೈದಾನವಾಯಿತು, ಮೈದಾನ ಕ್ರೀಡಾಂಗಣವಾಯಿತು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಅದು ಹೊಸ ರೂಪ ಪಡೆಯಿತು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ, ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಕ್ರೀಡಾಂಗಣ. ಕೆರೆ ಕಟ್ಟಿಸಿದ ದೊರೆಯ ಹೆಸರನ್ನು ಕೆರೆ ಮುಚ್ಚಿ ಮಾಡಿದ ಬಸ್ ನಿಲ್ದಾಣಕ್ಕೆ ಇಟ್ಟದ್ದು ಬೆಂಗಳೂರಿನ ಸ್ಮರಣೆಯ ವಿಚಿತ್ರಗಳಲ್ಲೊಂದು.

ಆದರೂ ಸಾರ್ವಜನಿಕ ವಿಹಾರಕ್ಕೆ ಹೋದ ನೆಲ ಸಾರ್ವಜನಿಕರಿಗೇ ಉಳಿಯಿತಲ್ಲ ಎಂದು ಸಮಾಧಾನ ಹೇಳಬಹುದು. ಎಲ್ಲ ಕಡೆ ಹಾಗಾಗಲಿಲ್ಲ. ಕಬ್ಬನ್ ಪಾರ್ಕಿನ ಅಂಚುಗಳಲ್ಲಿ ಕಟ್ಟಡಗಳು ಏಳುತ್ತ ಬಂದಾಗ 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆ ಬಂತು. ಉಳಿದ ಉದ್ಯಾನ, ಆಟದ ಬಯಲುಗಳಿಗಾಗಿ 1985ರಲ್ಲಿ ಇನ್ನೊಂದು ಕಾಯಿದೆ. 1998ರಲ್ಲಿ ಸರ್ಕಾರವೇ ಕಬ್ಬನ್ ಪಾರ್ಕಿನ ಗಡಿಯಿಂದ ಒಂದಷ್ಟು ಭಾಗವನ್ನು ಕೈಬಿಡಲು ಹೊರಟಾಗ ನಾಗರಿಕರು ಬೀದಿಗಿಳಿದರು, ಹೈಕೋರ್ಟಿಗೂ ಹೋದರು.

ಇದಕ್ಕೂ ಮೊದಲೇ ಸದಾಶಿವನಗರದ ನಿವಾಸಿಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದ ಮೊಕದ್ದಮೆ ದೇಶದ ಎಲ್ಲ ನಗರಗಳಿಗೂ ಮೇಲ್ಪಂಕ್ತಿಯಾಯಿತು. ರಾಜಮಹಲ್ ವಿಲಾಸ್ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಂ ಕಟ್ಟಲು ಒಂದು ವೈದ್ಯಕೀಯ ಟ್ರಸ್ಟಿಗೆ ಕೊಡಲಾಗಿತ್ತು. ಮೇಲಿನಿಂದಲೇ ಆದೇಶ ಬಂದಿತ್ತು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ಲವೇ ಎಂಬುದು ಒಂದು ಕಡೆಯ ವಾದ. 1991ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಎಲ್ಲರಿಗೂ ಮೀಸಲಾದ ನೆಲವನ್ನು ಖಾಸಗಿಯವರಿಗೆ ಕೊಡುವ ಅಧಿಕಾರ ಪ್ರಾಧಿಕಾರಕ್ಕಿಲ್ಲ, ನೆರೆಯ ನಿವಾಸಿಗಳಿಗೆ ಅದನ್ನು ಪ್ರಶ್ನಿಸುವ ಹಕ್ಕಿದೆ ಎಂದಿತು. ನಕ್ಷೆಯ ಮೇಲಿನ ಹಸಿರು ಬಣ್ಣಕ್ಕೆ ಕಾನೂನಿನ ಬಲ ಬಂದದ್ದು ಹೀಗೆ.

ನರ್ಸಿಂಗ್ ಹೋಂ ವಿರುದ್ಧ ಬಡಾವಣೆಯವರು ಒಂದಾಗಿ ನಿಲ್ಲಬಹುದು. ಪ್ರತಿಮೆಯ ವಿರುದ್ಧ ನಿಲ್ಲುವುದು ಸುಲಭವಲ್ಲ. ಜಾಗ ಬೇಡುವವನು ಗುತ್ತಿಗೆದಾರನಲ್ಲ, ಮಹನೀಯನೊಬ್ಬನ ಅಭಿಮಾನಿ. ಪೀಠಕ್ಕೆ ಬೇಕಾದದ್ದು ಹತ್ತು ಅಡಿ ಚೌಕ. ಆಮೇಲೆ ಅದರ ಸುತ್ತ ಕಟಾಂಜನ, ಕಟಾಂಜನದ ಸುತ್ತ ಹೂವಿನ ಪಾತಿ, ಜಯಂತಿಯ ದಿನ ಶಾಮಿಯಾನ. ಪ್ರತಿಮೆಯ ಬೇಡಿಕೆಗೆ ಬೇಡ ಎಂದ ಸದಸ್ಯನಿಗೆ ಮುಂದಿನ ಚುನಾವಣೆಯ ಭಯ. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟು ರಸ್ತೆ, ಪಾದಚಾರಿ ಮಾರ್ಗ ಮುಂತಾದ ಸಾರ್ವಜನಿಕ ಉಪಯೋಗದ ಜಾಗಗಳಲ್ಲಿ ಪ್ರತಿಮೆ ಸ್ಥಾಪನೆಗೆ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ಹೇಳಿದ್ದು ಈ ಇಕ್ಕಟ್ಟಿನ ಹಿನ್ನೆಲೆಯಲ್ಲೇ.

ಪ್ರತಿಮೆಗಳೂ ಸ್ಥಿರವಲ್ಲ ಎಂಬುದಕ್ಕೆ ಕಬ್ಬನ್ನನ ಕುದುರೆಯೇ ಸಾಕ್ಷಿ. ಮರೋಚೆಟ್ಟಿ ಎಂಬ ಶಿಲ್ಪಿ ಮಾಡಿದ ಅಶ್ವಾರೋಹಿ ಕಬ್ಬನ್ನನ ಕಂಚಿನ ಪ್ರತಿಮೆ ಮೊದಲು ನಿಂತದ್ದು ಪರೇಡ್ ಮೈದಾನದಲ್ಲಿ, 1866ರಲ್ಲಿ. ಆಮೇಲೆ ಅದು ಅಠಾರಾ ಕಚೇರಿಯ ಮುಂದೆ ಬಂತು. ಹೈಕೋರ್ಟಿನ ಆವರಣದಲ್ಲಿ ಬಹಳ ಕಾಲ ನಿಂತಿದ್ದು 2020ರಲ್ಲಿ ಅವನದೇ ಹೆಸರಿನ ಉದ್ಯಾನದೊಳಕ್ಕೆ ಹೋಯಿತು. ಕೆಡವಲಿಲ್ಲ, ಸರಿಸಿದರು. 1964ರ ಸ್ತಂಭಕ್ಕೂ ಇಂಥ ದಾರಿಯೊಂದು ಇದ್ದಿರಬಹುದಿತ್ತು. ವಸ್ತುಸಂಗ್ರಹಾಲಯ ಹತ್ತಿರದಲ್ಲೇ ಇತ್ತು. ಕೆಂಪೇಗೌಡರಿಗಾಗಿ 2022ರ ನವೆಂಬರಿನಲ್ಲಿ ವಿಮಾನ ನಿಲ್ದಾಣದ ಬಳಿ ಅನಾವರಣಗೊಂಡ 108 ಅಡಿಯ ಕಂಚಿನ ಪ್ರತಿಮೆ ಇನ್ನೊಂದೇ ಅಳತೆಯದು. ಅದಕ್ಕೆ ಹೊಂದಿಕೊಂಡು 23 ಎಕರೆಯ ಉದ್ಯಾನದ ಯೋಜನೆಯೂ ಬಂತು. ಇದಕ್ಕೆ ಹೋಲಿಸಿದರೆ ಕೋರಮಂಗಲದಲ್ಲಿರುವ, ಕೆಂಪೇಗೌಡರ ಸೊಸೆ ಲಕ್ಷ್ಮೀದೇವಿಯ ಸಮಾಧಿ ಬಹಳ ಚಿಕ್ಕದು. ಕೋಟೆಯ ಬಾಗಿಲು ನಿಲ್ಲಲೆಂದು ಅವಳು ಪ್ರಾಣ ಕೊಟ್ಟಳೆಂಬ ಕಥೆಯನ್ನು ಅಲ್ಲಿ ಆಡಲು ಬರುವ ಮಕ್ಕಳಿಗೆ ಅಜ್ಜಿಯರು ಹೇಳುವುದುಂಟು.

ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅಲ್ಲಿಂದ ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ತೋಟಗಾರಿಕೆಯ ಸ್ಥಾಯಿ ಸಮಿತಿಯೂ ಸಭೆಯೊಡನೆ ಹೋಯಿತು. ಸಮಿತಿಯ ಮುಂದೆ ಅರ್ಜಿ ಹಿಡಿದು ನಿಲ್ಲುತ್ತಿದ್ದವರು ಎಂಜಿನಿಯರರ ಕೋಣೆಯ ಮುಂದೆ ನಿಲ್ಲಬೇಕಾಯಿತು. 2025ರಲ್ಲಿ ಒಂದು ಪಾಲಿಕೆ ಐದಾಯಿತು.

ಹಡ್ಸನ್ ವೃತ್ತದಿಂದ ಕೂಗಳತೆಯಲ್ಲಿ, ಕ್ರೀಡಾಂಗಣದ ಮಗ್ಗುಲಲ್ಲಿ, ಸಂಪಂಗಿ ಕೆರೆಯ ಪಾಲಿಗೆ ಒಂದು ಪುಟ್ಟ ಕೊಳ ಉಳಿದಿದೆ. ಯಾವ ಇಲಾಖೆಯೂ ಅದನ್ನು ಸ್ಮಾರಕವೆಂದು ಕಟ್ಟಿಸಿದ್ದಲ್ಲ. ಚೈತ್ರದ ಹುಣ್ಣಿಮೆಯ ಹೊತ್ತಿಗೆ ಧರ್ಮರಾಯನ ಗುಡಿಯ ಕರಗಕ್ಕೆ ಆ ಕೆರೆಯ ನೀರು ಬೇಕು ಎಂದು ತಿಗಳರು ಹಿಡಿದ ಪಟ್ಟಿನಿಂದ ಅಷ್ಟು ನೀರು ಉಳಿಯಿತು. ವರ್ಷಕ್ಕೊಮ್ಮೆ ರಾತ್ರಿ ವೀರಕುಮಾರರು ಕತ್ತಿ ಹಿಡಿದು ಅಲ್ಲಿ ನೆರೆಯುತ್ತಾರೆ. ಮರುದಿನ ಬೆಳಿಗ್ಗೆ ಓಟಗಾರರು ಎಂದಿನಂತೆ ಮೈದಾನಕ್ಕೆ ಬರುತ್ತಾರೆ.