ರೋಗಿಗಳಿಗಾಗಿ ಪ್ರಾರ್ಥನೆ: ಚರ್ಚಿನಲ್ಲಿ ಸಿದ್ಧತೆ ಹೇಗೆ?

ಫೆಬ್ರವರಿ 11 ಕಥೊಲಿಕರಿಗೆ ವಿಶ್ವ ರೋಗಿಗಳ ದಿನ. 1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಘೋಷಿಸಿದ ಈ ದಿನ 1993ರಿಂದ ಆಚರಣೆಯಲ್ಲಿದೆ. ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ ಕಾಸರಗೋಡು ಭಾಗದ ಚರ್ಚುಗಳಿಗೂ ಕ್ರಮ ಇದೇ.

ರೋಗಿಗಳ ತೈಲಲೇಪನವನ್ನು ಬಲಿಪೂಜೆಯೊಳಗೇ ನಡೆಸಬಹುದು. ಬೈಬಲ್ ವಾಚನ, ಪ್ರವಚನದ ಬಳಿಕ ಧರ್ಮಗುರುಗಳು ರೋಗಿಯ ತಲೆಯ ಮೇಲೆ ಕೈಯಿರಿಸಿ, ಹಣೆಗೂ ಅಂಗೈಗಳಿಗೂ ಪವಿತ್ರ ತೈಲ ಹಚ್ಚುತ್ತಾರೆ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ಇದಕ್ಕೆ ಆಧಾರ. ಇದು ಕೊನೆಯುಸಿರಿನವರಿಗೆ ಮಾತ್ರವಲ್ಲ. ಗಂಭೀರ ಕಾಯಿಲೆಯವರು, ಅದಕ್ಕಾಗಿ ಆಪರೇಷನ್‌ಗೆ ಹೋಗುವವರು, ಮುಪ್ಪಿನಿಂದ ನಿತ್ರಾಣರಾದವರೂ ಪಡೆಯಬಹುದು.

ಅಂಥವರ ಹೆಸರನ್ನು ಮೊದಲೇ ಗುರುಗಳಿಗೆ ತಿಳಿಸಬೇಕು. ಮುಂದಿನ ಸಾಲಿನಲ್ಲಿ ಕುರ್ಚಿ, ಗಾಲಿಕುರ್ಚಿಗೆ ದಾರಿ, ಕುಡಿಯುವ ನೀರು ಇರಲಿ.

ಇಂಥ ಪ್ರಾರ್ಥನೆಯಲ್ಲಿ ಉನ್ಮಾದ, ನಾಟಕೀಯತೆ ಸಲ್ಲದೆಂದು ವ್ಯಾಟಿಕನ್ 2000ದಲ್ಲೇ ಸೂಚಿಸಿದೆ. ಪ್ರಾರ್ಥನೆ ಆಯಿತೆಂದು ಔಷಧಿ ನಿಲ್ಲಿಸಬಾರದು.